ಜಯಶೀಲಮ್ಮನ ಸಾಕ್ಷಿ

ಭದ್ರಾವತಿಯ ಆ ಚಿಕ್ಕ ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳುವುದಿದ್ದರೆ ಜಯಶೀಲಮ್ಮನೇ ಹೇಳಬೇಕು. ಮೊದಲೇ ಇಸ್ಕೂಲು ಟೀಚರಮ್ಮ, ಬಾಯಿ ತೆರೆದರೆ ಮಾತಿಗೆ ಬರವಿಲ್ಲ. ದೇವರು ಮಾಡಿದ ಉಪಕಾರವನ್ನು ಹತ್ತು ಜನರೆದುರು ನಿಂತು ಹೇಳುವುದೇ ಸಾಕ್ಷಿ. ಅದಕ್ಕೆ ಚೂರು ಉಪ್ಪುಖಾರ ಹಚ್ಚಿದರೆ ದೇವರೇನು ಮುನಿಸಿಕೊಳ್ಳುತ್ತಾನೆಯೇ? ಹಾಗಂದುಕೊಂಡಿದ್ದಳು, ಪಾಪ.

ಐವತ್ತೆಂಟನೇ ಇಸವಿಯ ಆ ಭಾನುವಾರ ಅವಳು ಹೇಳಿದ್ದು ಮಗ ದೇವದಾನನ ವಿಷಯ. ವಿಷಮಶೀತ ಜ್ವರ. ಶಿವಮೊಗ್ಗದ ಡಾಕ್ಟರೂ ಕೈಚೆಲ್ಲಿದ್ದರು. "ನಾನು ಮಾತ್ರ ಒಂದು ಕ್ಷಣವೂ ಸಂದೇಹಪಡಲಿಲ್ಲ. ಪೂರ್ತಿ ನಂಬಿ ಬೇಡಿದೆ. ಹಾಗೆ ನಂಬಿದ ತಾಯಿಗೆ ದೇವರು ಇಲ್ಲವೆನ್ನುವುದಿಲ್ಲ."

ಸಭೆಯೆಲ್ಲ "ಆಮೆನ್" ಎಂದಿತು. ಹಿಂದಿನ ಚಾಪೆಯಲ್ಲಿ ಕೂತಿದ್ದ ಶೇಷಮ್ಮ ತಲೆ ತಗ್ಗಿಸಿದಳು. ಅದೇ ಓಣಿಯವಳು. ದೇವದಾನ ಚೇತರಿಸಿಕೊಂಡ ಅದೇ ವಾರ, ಅದೇ ಜ್ವರಕ್ಕೆ ಅವಳ ಮಗಳು ತೀರಿಕೊಂಡಿದ್ದಳು.

ಆರಾಧನೆ ಮುಗಿದ ಮೇಲೆ ಶೇಷಮ್ಮ ಬಾಗಿಲಲ್ಲಿ ಕಾದಿದ್ದಳು. ಬೈಯಲು ಬಂದಿದ್ದರೆ ಜಯಶೀಲಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು.

"ಟೀಚರಮ್ಮ, ನೀವು ಹ್ಯಾಗೆ ಬೇಡ್ಕೊಂಡ್ರಿ? ನಂಗೂ ಹೇಳ್ಕೊಡಿ. ಚಿಕ್ಕವನಿಗೆ ನಿನ್ನೆಯಿಂದ ಮೈ ಬಿಸಿ. ಅವಳ ಸರ್ತಿ ನಾನು ಬೇಡ್ತಾ ಬೇಡ್ತಾನೇ ಹೆದರಿಬಿಟ್ಟೆ, ಅದಕ್ಕೇ ಹೋದ್ಲು. ಈ ಸರ್ತಿ ತಪ್ಪು ಮಾಡಲ್ಲ."

ಜಯಶೀಲಮ್ಮನ ಮುಖ ಕಪ್ಪಿಟ್ಟಿತು. ಸುತ್ತ ಪಾದ್ರಿಗಳು, ಹಿರಿಯರು, ಸ್ವಂತ ಗಂಡ. "ಮನೆಗೆ ಬಾ, ಹೇಳ್ತೀನಿ" ಎಂದು ಜಾರಿಕೊಳ್ಳಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಶೇಷಮ್ಮ ಪಾಠ ಕಲಿಯಲು ನಿಂತ ಹುಡುಗಿಯ ಹಾಗೆ ಕೈಕಟ್ಟಿಕೊಂಡು ನಿಂತಿದ್ದಳು.

"ನಾನು ಬೇಡ್ಲೇ ಇಲ್ಲ ಶೇಷಮ್ಮ" ಎಂದಳು. "ಡಾಕ್ಟರು ಆಗಲ್ಲ ಅಂದ ದಿನಾನೇ ಆಸೆ ಬಿಟ್ಟೆ. ಮಗು ಇನ್ನೂ ಉಸಿರಾಡ್ತಿತ್ತು, ನಾನು ಅದನ್ನ ಮಣ್ಣಿಗೆ ಕಳಿಸೋಕೆ ಬಿಳಿ ಅಂಗಿ ಹೊಲೀತಾ ಕೂತಿದ್ದೆ. ಆ ಅಂಗಿ ಇನ್ನೂ ಪೆಟ್ಟಿಗೇಲಿದೆ. ಅವನು ಯಾಕೆ ಉಳಿದ, ನಿನ್ನ ಮಗಳು ಯಾಕೆ ಹೋದ್ಲು, ದೇವರಿಗೇ ಗೊತ್ತು. ನನ್ನ ನಂಬಿಕೆಯಿಂದಂತೂ ಅಲ್ಲ."

ಯಾರೋ ಕೆಮ್ಮಿದರು. ಗಂಡ ಮುಖ ತಿರುಗಿಸಿಕೊಂಡ. ನಾಚಿಕೆಯಿಂದ ಜಯಶೀಲಮ್ಮನ ಕಿವಿ ಸುಡುತ್ತಿತ್ತು, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶೇಷಮ್ಮ ತನ್ನ ಮುಖಕ್ಕೆ ಉಗಿದರೂ ಸರಿಯೇ ಎಂದು ನಿಂತಳು.

ಶೇಷಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಮಗಳನ್ನು ಮಣ್ಣು ಮಾಡಿದ ದಿನವೂ ಅಳದವಳ ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಹಂಗಾದ್ರೆ ಅಕ್ಕಾ, ನಾನು ಹೆದರಿದ್ದಕ್ಕೆ ಅವಳು ಹೋಗಲಿಲ್ಲ ಅಲ್ವಾ?"