ಹಂದಿ ರೂಪಾಯಿಯ ತಕರಾರು

ನಾನು ಬೆಳ್ಳಿಯ ರೂಪಾಯಿ. ಹುಟ್ಟಿದ್ದು 1911ರಲ್ಲಿ, ಮುಂಬೈಯ ಟಂಕಸಾಲೆಯಲ್ಲಿ. ಹುಟ್ಟಿದ ಕೂಡಲೇ ಹೆಸರು ಕೆಟ್ಟಿತು. ನನ್ನ ಮೇಲಿನ ರಾಜನ ಎದೆಯ ಸರದಲ್ಲಿ ಪುಟ್ಟ ಆನೆಯೊಂದಿತ್ತು. ಕೆತ್ತಿದವನು ಅದರ ಸೊಂಡಿಲು ಮೊಟಕು ಮಾಡಿಬಿಟ್ಟ. ಜನ ಅದನ್ನು ಹಂದಿ ಎಂದರು, ನನ್ನನ್ನು ಮುಟ್ಟೆವು ಎಂದರು. ಸರಕಾರ ನನ್ನ ಒಡಹುಟ್ಟಿದವರನ್ನು ಹಿಡಿದು ಕುಲುಮೆಗೆ ಹಾಕಿತು. ತಪ್ಪು ಮಾಡಿದವನೊಬ್ಬ, ಕರಗಿದವರು ನಾವು! ನಾನು ಅಷ್ಟರೊಳಗೆ ಧಾರವಾಡ ಸೀಮೆ ಸೇರಿದ್ದೆ. ಕೈಗೆ ಸಿಗಲಿಲ್ಲ.

ನವಲಗುಂದದ ಸಾಹುಕಾರನೊಬ್ಬ ಯಾರಿಗೂ ಬೇಡವಾದ ನನ್ನನ್ನು ಹೆರಿಗೆಯ ಕೂಲಿಯೆಂದು ಸೂಲಗಿತ್ತಿ ನೀಲವ್ವನಿಗೆ ದಾಟಿಸಿದ. ಅವಳಿಗೆ ಮೋಸ ತಿಳಿಯದೆ ಇರಲಿಲ್ಲ. "ಹಂದಿ ಆದ್ರೇನು, ಬೆಳ್ಳಿ ಬೆಳ್ಳೀನ" ಎಂದು ಸೊಂಟದ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಹೊಕ್ಕುಳ ಉಬ್ಬಿದ ಕೂಸು ಕಂಡಲ್ಲೆಲ್ಲ ನನ್ನನ್ನು ಅರಿವೆಯಲ್ಲಿ ಸುತ್ತಿ ಅದರ ಹೊಟ್ಟೆಗೆ ಕಟ್ಟಿದಳು. ಹೊಕ್ಕುಳ ಕುಗ್ಗಿತೋ ಇಲ್ಲವೋ ನಾನರಿಯೆ. ರಾಜನ ಮೀಸೆ ಒಂದಿಷ್ಟು ಸವೆಯಿತು. ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಅವಳಿಂದ ಕೈದಾಟುತ್ತ ನಾನು ಮರಿಮೊಮ್ಮಗಳು ದ್ಯಾಮವ್ವನ ಪಾಲಿಗೆ ಬಂದೆ. ದ್ಯಾಮವ್ವ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಬಾಡಿಗೆಯ ಕೈಗಾಡಿಯ ಮೇಲೆ ಮಿರ್ಚಿ ಕರಿಯುತ್ತಿದ್ದಳು. ಹನ್ನೊಂದು ವರ್ಷ ಬಾಡಿಗೆ ತಿಂದ ಮಾಲೀಕ ಒಂದು ದಿನ ಗಾಡಿ ಮಾರಲು ಹೊರಟ. "ಹತ್ತು ಸಾವಿರ. ನಾಗರ ಪಂಚಮಿ ತನಕ ಕಾಯ್ತೀನಿ. ಇಲ್ಲಾಂದ್ರ ಬ್ಯಾರೇದವ್ರಿಗೆ" ಎಂದ.

ಎದುರಿಗೆ ಹಳೆಯ ನಾಣ್ಯ ಕೊಳ್ಳುವ ಉಮಾಕಾಂತನ ಅಂಗಡಿ. ದ್ಯಾಮವ್ವ ನನ್ನನ್ನು ಅಲ್ಲಿಗೆ ಒಯ್ದಳು. ಅವನು ಭೂತಗನ್ನಡಿ ಹಿಡಿದು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. "ಈ ಇಸವಿದು ಸಿಗೂದ ಕಷ್ಟ ದ್ಯಾಮಕ್ಕ. ಈ ವಿಳಾಸಕ್ಕ ಕಳಸ್ರಿ, ಅಲ್ಲಿ ನಾಣ್ಯ ಪರೀಕ್ಷೆ ಮಾಡಿ ದರ್ಜೆ ಹಾಕಿ ಕೊಡ್ತಾರ. ದರ್ಜೆ ಬಂದ್ರ ಹನ್ನೆರಡು ಸಾವಿರಕ್ಕ ನಾನ ತಗೋತೀನಿ."

ದರ್ಜೆ ಎಂದರೆ ಏನೆಂದು ನನಗೆ ಆಗ ತಿಳಿಯಿತು. ಎಪ್ಪತ್ತಕ್ಕೆ ಅಂಕ ಹಾಕುತ್ತಾರಂತೆ. ಎಪ್ಪತ್ತಕ್ಕೆ ಎಪ್ಪತ್ತು ಬರಬೇಕಾದರೆ ಹುಟ್ಟಿದಾಗಿನಿಂದ ಒಂದು ಗೀರೂ ಬಿದ್ದಿರಬಾರದು, ಸಂತೆ ಕಂಡಿರಬಾರದು, ಉಪ್ಪು ಮೆಣಸು ಕೊಂಡಿರಬಾರದು. ದುಡಿಯದೆ ಮಲಗಿದ್ದವನಿಗೆ ಮೊದಲ ಸ್ಥಾನ! ಇದೆಂಥ ನ್ಯಾಯ?

ಕಳಿಸುವ ದಿನ ದ್ಯಾಮವ್ವ ನನ್ನನ್ನು ಬಚ್ಚಲಿಗೆ ಒಯ್ದಳು. ಹುಣಸೆಹಣ್ಣು, ಒಲೆಯ ಬೂದಿ ಹಾಕಿ ಗಸಗಸ ತಿಕ್ಕಿದಳು. ನೂರು ವರ್ಷದ ಕಪ್ಪೆಲ್ಲ ಬಿಟ್ಟು ಫಳಫಳ ಹೊಳೆದೆ. ಹೊಸ ಅರಿವೆಯಲ್ಲಿ ಸುತ್ತಿ, ಅರ್ಜಿಯ ಜೊತೆ ತಾನೇ ಅಂಚೆಗೆ ಹಾಕಿದಳು. ಹಳೆಯ ನಾಣ್ಯವನ್ನು ತೊಳೆಯಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ವ್ಯಾಪಾರದವರಿಗೆ ಅದು ಎಷ್ಟು ಗೊತ್ತಿರುವ ಮಾತೆಂದರೆ ಉಮಾಕಾಂತನೂ ಹೇಳಲು ಮರೆತಿದ್ದ.

ತಿಂಗಳಾದ ಮೇಲೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲಾಗಿ ಮರಳಿ ಬಂದೆ. ಮೇಲೊಂದು ಚೀಟಿ: ಅಸಲಿ ನಾಣ್ಯ, ತಿಕ್ಕಿ ತೊಳೆದಿದ್ದಾರೆ, ಅಂಕವಿಲ್ಲ.

ಉಮಾಕಾಂತ ತಲೆ ಚಚ್ಚಿಕೊಂಡ. "ಯಾಕ ತೊಳದ್ರಿ ದ್ಯಾಮಕ್ಕ? ಆ ಕಪ್ಪಿಗೇ ರೊಕ್ಕ ಇತ್ತಲ್ರಿ! ಈಗ ಬೆಳ್ಳಿ ತೂಕದ ಮ್ಯಾಲ ಒಂದೂವರೆ ಸಾವಿರ, ಅಷ್ಟ."

"ಹೊಲಸು ಮಾರೀಲೆ ಮಗಳನ್ನ ಮಂದಿ ಮನೀಗೆ ಯಾರರ ಕಳಸ್ತಾರೇನ್ರಿ?" ಎಂದಳು ದ್ಯಾಮವ್ವ. ಡಬ್ಬಿಯನ್ನು ಅವನ ಕೈಯಿಂದ ಎಳೆದುಕೊಂಡಳು. "ಕೊಡೂದಿಲ್ಲ ತಗೀರಿ."

ಪಂಚಮಿ ಬಂತು, ಗಾಡಿ ಹೋಯಿತು. ದ್ಯಾಮವ್ವ ಅದೇ ಜಾಗದಲ್ಲಿ ನೆಲಕ್ಕೇ ಒಲೆ ಹೂಡಿ ಕೂತಳು. ಗಿರಾಕಿ ಕಡಿಮೆಯಾದರು, ಬೆನ್ನು ನೋಯತೊಡಗಿತು. ಒಂದು ಮಧ್ಯಾಹ್ನ ಬೆಳ್ಳುಳ್ಳಿ ಜಜ್ಜುವ ಕಲ್ಲಿನಿಂದ ನನ್ನ ಡಬ್ಬಿಗೆ ನಾಲ್ಕು ಏಟು ಹಾಕಿದಳು. ಡಬ್ಬಿ ಒಡೆಯಿತು, ಚೀಟಿ ಗಟಾರಕ್ಕೆ ಬಿತ್ತು. ನನ್ನನ್ನು ಅಂಗೈಯಲ್ಲಿಟ್ಟುಕೊಂಡು, "ನನ್ನ ಕೈಯಾರ ಕೆಡಿಸಿದ್ನಲ್ಲವ್ವಾ" ಎಂದು ಅತ್ತಳು.

ಈಗ ಅವಳ ಎಲೆಯಡಿಕೆ ಚೀಲದಲ್ಲಿದ್ದೇನೆ. ಆ ಮಾತು ಇನ್ನೂ ನನ್ನನ್ನು ಸುಡುತ್ತದೆ. ನನಗೆ ಬಾಯಿ ಇದ್ದಿದ್ದರೆ ಇಡೀ ಬೈಲಿಗೆ ಕೇಳುವಂತೆ ಕೂಗುತ್ತಿದ್ದೆ: ಕೆಡಿಸಲಿಲ್ಲ ತಾಯಿ! ನೂರು ವರ್ಷದಲ್ಲಿ ನನ್ನನ್ನು ಎಣಿಸಿದವರುಂಟು, ಕಲ್ಲಿಗೆ ಬಡಿದು ನೋಡಿದವರುಂಟು, ಸುಳ್ಳು ಹೇಳಿ ದಾಟಿಸಿದವರುಂಟು. ಮಗಳೆಂದು ಮೈ ತೊಳೆದವಳು ನೀನೊಬ್ಬಳೇ. ಆ ಕೈಗೆ ಅಂಕ ಹಾಕುವ ಗಂಡು ಯಾವನಿದ್ದಾನೆ? ಬರಲಿ, ನಾನೂ ನೋಡುತ್ತೇನೆ.