ಕ್ಯಾರಿಯರ್ ಇಲ್ಲದ ಸೈಕಲ್ಲು

"ಏಯ್, ಯಾವನೋ ಅವನು ಈ ಗುಜರೀನ ಇಲ್ಲಿ ತಂದು ನಿಲ್ಲಿಸಿದೋನು? ನಿಮ್ಮಪ್ಪನ ಮನೆ ಹಿತ್ತಿಲೇನೋ ಇದು?"

ನಾನು ಕಡಾಯಿಯ ಮುಂದಿದ್ದೆ. ರಸ್ತೆಗೆ ಹಾಕುವ ಬಿಳಿ ಪುಡಿ ಇನ್ನೂರು ಡಿಗ್ರಿಯಲ್ಲಿ ಕರಗಿ ಗಂಜಿಯ ಹಾಗೆ ಕುದಿಯುತ್ತಿತ್ತು. ಕಲಕುವುದು ಬಿಟ್ಟರೆ ತಳ ಹಿಡಿಯುತ್ತದೆ. ಹಾಗಾಗಿ ಬೈಗುಳಕ್ಕೆ ಎದ್ದು ನಿಂತು ಮರ್ಯಾದೆ ಕೊಡಲಾಗಲಿಲ್ಲ.

"ನಂದ್ರೀ ಸಾಹೇಬ್ರ," ಎಂದೆ ಕೂತಲ್ಲಿಂದಲೇ.

ಸಾಹೇಬರೆಂದರೆ ಸುಬ್ರಹ್ಮಣ್ಯ. ಸೂರತ್ತಿನ ಅಡಾಜಣ್‌ನಲ್ಲಿ ಆರು ಕಿಲೋಮೀಟರು ಸೈಕಲ್ ಪಥ ಮಾಡಿಸುತ್ತಿರುವ ಇಂಜಿನಿಯರು. ಮೈಸೂರು ಕಡೆಯವರು. ಸೈಕಲ್ಲೆಂದರೆ ಪ್ರಾಣ. ಎಷ್ಟು ಪ್ರಾಣವೆಂದರೆ, ಗಾಲಿಗೆ ಧೂಳು ಹತ್ತಬಾರದೆಂದು ಅದನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ತರುತ್ತಾರೆ. ಪಥದ ಈ ತುದಿಯಲ್ಲಿ ಇಳಿಸಿ, ಆ ತುದಿಗೆ ತುಳಿದು, ಬಂದ ಬೆವರಿನ ಫೋಟೊ ತೆಗೆದು, ಮತ್ತೆ ಕಾರಿಗೆ ಏರಿಸುತ್ತಾರೆ.

ಮೊದಲ ದಿನ ನಾನು ಹೆಂಡತಿ ಶಾರದಾಳನ್ನು ಕೂಗಿದ್ದು ಕೇಳಿ "ಅರೆ, ನಮ್ಮ ಕನ್ನಡದವ್ರು!" ಎಂದು ಓಡಿ ಬಂದಿದ್ದರು. ಯಾವ ಜಿಲ್ಲೆ ಎಂದರು. ಯಾದಗಿರಿ ಎಂದೆ. ಊರಲ್ಲಿ ಮನೆ ಎಲ್ಲಿ ಬರುತ್ತೆ ಎಂದರು. ಊರ ಹೊರಗ್ರೀ ಎಂದೆ. ಅಂದಿನಿಂದ ಕನ್ನಡಪ್ರೇಮ ನಾಲ್ಕು ಮೊಳ ದೂರ ನಿಂತಿದೆ. ಅವರ ಬಾಟಲಿಯ ನೀರು ನನ್ನ ಬೊಗಸೆಗೆ ಬಲು ಎತ್ತರದಿಂದ ಬೀಳುತ್ತದೆ.

ಪಥದ ಮೇಲೆ ನೂರು ಹೆಜ್ಜೆಗೊಂದು ಬಿಳಿ ಸೈಕಲ್ ಬರೆಯಬೇಕಿತ್ತು. ಅಹಮದಾಬಾದಿನಿಂದ ಬರಬೇಕಾದ ಅಚ್ಚು ಬರಲೇ ಇಲ್ಲ. ಗುತ್ತಿಗೆದಾರ ಕಿರಣ್‌ಭಾಯ್ ನನ್ನ ಸೈಕಲ್ಲನ್ನೇ ತಗಡಿನ ಮೇಲೆ ಮಲಗಿಸಿ, ಸುತ್ತ ಸೀಮೆಸುಣ್ಣ ಎಳೆದು, ಕತ್ತರಿಸಿ ಅಚ್ಚು ಮಾಡಿಸಿದ. ಸಾಹೇಬರು ನೋಡಿ ಮೆಚ್ಚಿದರು.

"ಚೆನ್ನಾಗಿದೆ. ಆದ್ರೆ ಆ ಕ್ಯಾರಿಯರ್ ತೆಗೀರಿ. ಕೂಲಿಯೋರ ಸೈಕಲ್ ಥರ ಕಾಣುತ್ತೆ."

ಕ್ಯಾರಿಯರ್ ಇದ್ದ ಕಂಡಿಗೆ ತಗಡಿನ ತೇಪೆ ಹೊಡೆದು ಮುಚ್ಚಿದೆವು. ಅಂತೂ ಆರು ಕಿಲೋಮೀಟರು ಉದ್ದಕ್ಕೂ ಹಸಿರು ಪಥದ ಮೇಲೆ ಮಲಗಿರುವುದು ನನ್ನ ಸೈಕಲ್ಲು, ಸೊಟ್ಟ ಹ್ಯಾಂಡಲ್ ಸಮೇತ.

ಈಗ ಅದನ್ನೇ ಹೇಳಿದೆ. "ನೀವು ಬರಸಿದ್ದೆಲ್ಲಾ ಇದರ ಅಚ್ಚೇ ಅದರೀ ಸಾಹೇಬ್ರ."

"ಅದು ಸಿಂಬಲ್ ಕಣೋ, ಇದು ಗುಜರಿ. ನಾಳೆ ಬೆಳಿಗ್ಗೆ ಗೆಸ್ಟ್ ಬರ್ತಾರೆ. ಅವರಿಗೆ ಇದರ ಮುಖ ತೋರಿಸ್ಲಾ?"

"ಕೆಲಸ ಮುಗದ ಕೂಡ್ಲೇ ಒಯ್ತೀನ್ರೀ. ಹಜೀರಾ ದಾರ್ಯಾಗ ನಮ್ಮ ಜೋಪಡಿ ಅದ. ಹದಿನಾಕು ಕಿಲೋಮೀಟರ್. ಮುಂಜಾನಿ ಆರಕ್ಕ ಬರ್ಲಿಲ್ಲಂದ್ರ ಕಿರಣ್‌ಭಾಯ್ ಕೆಲಸಕ್ಕ ಹಚ್ಚಂಗಿಲ್ರೀ."

"ಬಸ್ಸಲ್ಲಿ ಬಾ."

"ಈ ಬಣ್ಣದ ಮೈಯವನ್ನ ಯಾವ ಮಗ ಬಸ್ಸಿಗೆ ಹತ್ತಿಸ್ಕೊಂತಾನ್ರೀ?"

ಸಾಹೇಬರು ನನ್ನೊಂದಿಗೆ ಮಾತು ಮುಗಿಸಿ ಫೋನಿನೊಂದಿಗೆ ಶುರು ಮಾಡಿದರು. ಹೋದ ವಾರ ಶಾರದಾಳ ಪಾದದ ಮೇಲೆ ಕುದಿಯುವ ಬಣ್ಣ ಚೆಲ್ಲಿದಾಗ ಇದೇ ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಇವತ್ತು ಇತ್ತು. ಅತಿಕ್ರಮಣ ಎತ್ತುವ ಗಾಡಿ, ಇಲ್ಲಿನವರ ಬಾಯಲ್ಲಿ ದಬಾಣ್ ಗಾಡಿ, ಹತ್ತು ನಿಮಿಷಕ್ಕೆ ಬಂತು.

ಇಬ್ಬರು ಇಳಿದು ಸೈಕಲ್ಲಿಗೆ ಕೈ ಹಾಕಿದರು. ನಡುಗೊಳವೆಗೆ ಕಟ್ಟಿದ್ದ ನನ್ನ ಹಾರೆಯನ್ನೂ ಬಿಚ್ಚಲು ಬಿಡಲಿಲ್ಲ. ಶಾರದಾ ಬಟ್ಟೆ ಸುತ್ತಿದ ಕಾಲಲ್ಲಿ ಕುಂಟುತ್ತ ಓಡಿ ಕ್ಯಾರಿಯರ್ ಹಿಡಿದಳು. ದಿನಾ ನಸುಕಿನಲ್ಲಿ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಅವಳು ಕೂರುವ ಜಾಗ ಅದು. ಅವರು ಜಗ್ಗಿದರು. ಕ್ಯಾರಿಯರಿಗೆ ಸಿಕ್ಕಿಸಿದ್ದ ಬುತ್ತಿಯ ಡಬ್ಬಿ ಉರುಳಿ ರೊಟ್ಟಿ, ಪಲ್ಲೆ ಹಸಿರು ಬಣ್ಣದ ಮೇಲೆ ಚೆಲ್ಲಿತು.

"ಅಯ್ಯಯ್ಯೋ!" ಸಾಹೇಬರಿಗೆ ನಿಜಕ್ಕೂ ನೋವಾಯಿತು. "ಎಣ್ಣೆ ಕಲೆ ಆಗುತ್ತಲ್ಲೇ! ಒರೆಸು, ಬೇಗ ಒರೆಸು!"

ಶಾರದಾ ಸೆರಗಿನಿಂದ ಒರೆಸಿದಳು. ಗಾಡಿ ಹೋಯಿತು.

"ಸೈಕಲ್ ಹಾದೀಗೆ ಸೈಕಲ್ಲೇ ಅಡ್ಡ ಆತಂತ, ಹಾಟ್ಯಾಗ," ಎಂದಳು, ತಲೆ ಎತ್ತದೆ. "ಇವನ ಬಾಯಾಗ ಮಣ್ಣ ಹಾಕ."

ಇನ್ನೊಂದೇ ಚಿತ್ರ ಬಾಕಿ ಇತ್ತು. ನಾಳೆ ಗೆಸ್ಟು ರಿಬ್ಬನ್ ಕತ್ತರಿಸುವ ಜಾಗದಲ್ಲಿ, ಪೆಂಡಾಲಿನ ಎದುರಿಗೇ. "ಇದು ಮಾತ್ರ ನೀಟಾಗಿ ಬರಲಿ, ಭೀಮ್ಯಾ," ಎಂದು ಸಾಹೇಬರು ಹೂವಿನವನ ಜೊತೆ ಜಗಳಕ್ಕೆ ಹೋದರು. ಶಾಲೆಯ ದಾಖಲೆಯಲ್ಲಿ ನಾನು ಭೀಮಸೇನ. ಆ ದಾಖಲೆ ನನ್ನ ಮಾಸ್ತರರನ್ನು ಬಿಟ್ಟರೆ ಯಾರೂ ಓದಿದಂತಿಲ್ಲ.

ಅಚ್ಚು ಹಾಸಿದೆ. ಶಾರದಾ ಇಕ್ಕಳ ತಂದಳು. ತಗಡಿನ ತೇಪೆಯನ್ನು ಒಂದೇ ಏಟಿಗೆ ಕಿತ್ತು ಚರಂಡಿಗೆ ಎಸೆದಳು.

"ಹೊಯ್ಯಿ," ಎಂದಳು.

ಹೊಯ್ದೆ. ಗಾಲಿ ಬಂತು, ಸೊಟ್ಟ ಹ್ಯಾಂಡಲ್ ಬಂತು, ಕ್ಯಾರಿಯರ್ ಬಂತು. ಅಚ್ಚು ಎತ್ತಿದೆ.

"ಮ್ಯಾಲ ನಾ ಕುಂದರಬೇಕಲ್ಲ?"

ಸೌಟಿನಿಂದಲೇ ಅವಳನ್ನು ಕೂರಿಸಿದೆ. ಗುಂಡು ತಲೆ, ಸೆರಗು, ತೊಡೆಯ ಮೇಲೆ ಡಬ್ಬಿ. ಬೆಳಕಿಗೆ ಹೊಳೆಯಲೆಂದು ಉದುರಿಸುವ ಗಾಜಿನ ಪುಡಿಯನ್ನು ಶಾರದಾ ಆ ತಲೆಯ ಮೇಲೆ ಬೊಗಸೆ ತುಂಬ ಸುರಿದಳು.

ಸಾಹೇಬರು ಓಡಿ ಬಂದರು. "ಏನೋ ಇದು ಬೋಳಿಮಗನೇ! ಗಟ್ಟಿಯಾಗೋ ಮುಂಚೆ ಒರೆಸೋ!"

"ನೀವೇ ಒರಸ್ರೀ. ಇನ್ನೂರು ಡಿಗ್ರಿ ಅದ."

ಅವರು ಬಗ್ಗಿದರು. ಕೈ ಚಾಚಿದರು. ಹಿಂದಕ್ಕೆ ಎಳೆದುಕೊಂಡರು. ಬಣ್ಣ ಕಲ್ಲಾಗಲು ಎರಡು ನಿಮಿಷ ಸಾಕು. ಅಷ್ಟೂ ಹೊತ್ತು ಅವರು ಬೈದರು. ನನ್ನನ್ನು, ನನ್ನ ಊರನ್ನು, ಊರ ಹೊರಗಿನ ನನ್ನ ಮನೆಯನ್ನು. ಬೈಗುಳ ಮುಗಿಯುವಷ್ಟರಲ್ಲಿ ಶಾರದಾ ಕ್ಯಾರಿಯರ್ ಮೇಲೆ ಗಟ್ಟಿಯಾಗಿ ಕೂತಿದ್ದಳು.

"ಹಾರೆ ತಗೊಂಡು ಒಡೆಯೋ ಅದನ್ನ! ಈಗಲೇ ಒಡಿ!"

"ಹಾರಿ ದಬಾಣ್ ಗಾಡ್ಯಾಗ ಹೋಗ್ಯದ್ರೀ. ಸೈಕಲ್ಲಿಗೇ ಕಟ್ಟಿದ್ದೆ."

ಡಬ್ಬಿ ಎತ್ತಿಕೊಂಡು ನಡೆದೆವು. ಹದಿನಾಲ್ಕು ಕಿಲೋಮೀಟರು. ಮೊದಲ ಆರು ಆ ಪಥದ ನಟ್ಟನಡುವೆ. ನೂರು ಹೆಜ್ಜೆಗೊಮ್ಮೆ ನನ್ನ ಸೈಕಲ್ಲು ಕಾಲಡಿ ಬಂತು, ಹೋಯಿತು. ಹಿಂದಿನಿಂದ ಯಾರೋ ಹೆಲ್ಮೆಟ್ಟಿನವನು ಗಂಟೆ ಬಾರಿಸಿದ. ಮತ್ತೆ ಬಾರಿಸಿದ. ಆಮೇಲೆ ಕೈ ತೆಗೆಯದೆ ಬಾರಿಸತೊಡಗಿದ.

ನಾನು ಪಕ್ಕಕ್ಕೆ ಸರಿಯಹೋದೆ. ಶಾರದಾ ನನ್ನ ತೋಳು ಹಿಡಿದು ನಡುವಿಗೇ ಎಳೆದುಕೊಂಡಳು. ಸುಟ್ಟ ಕಾಲು ಊರಿ, ಇನ್ನಷ್ಟು ನಿಧಾನ ಮಾಡಿದಳು.