ಕಾರಿಗೂ ಒಂದು ಸೋಮವಾರ

ಒಂದು ಎತ್ತಿನ ಮೈ ತೊಳೆದು ಮುಗಿದಿತ್ತು. ಇನ್ನೊಂದರ ಬೆನ್ನನ್ನು ಹುಲ್ಲಿನ ಸಿಂಬೆಯಿಂದ ಉಜ್ಜುತ್ತಿದ್ದ ಭದ್ರಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಕೊಟ್ಟಿಗೆಯ ಕಂಬ ಹಿಡಿದು ಕೆಮ್ಮಿದಳು. ಎತ್ತು ತಿರುಗಿ ನೋಡಿತು. ಅಂಗಳದಲ್ಲಿ ಕಾರಿನ ಮೂತಿ ಒರೆಸುತ್ತಿದ್ದ ಗಂಡ ರಾಮಕೃಷ್ಣಪ್ಪ ತಿರುಗಲಿಲ್ಲ.

ಸೋಮವಾರ ಬಸವಣ್ಣನ ದಿನ. ಅಂದು ಎತ್ತಿಗೆ ನೊಗ ಹೂಡುವಂತಿಲ್ಲ. ಮೈ ತೊಳೆದು, ಹಣೆಗೆ ಕುಂಕುಮವಿಟ್ಟು, ಹಸಿ ಹುಲ್ಲು ಹಾಕಿ ಬಿಡುವುದು ಮತ್ತಿಗಿರಿಯ ಸುತ್ತಲಿನ ಒಕ್ಕಲು ಮನೆಗಳ ಪದ್ಧತಿ. ರಾಮಕೃಷ್ಣಪ್ಪ ಆ ಬಿಡುವನ್ನು ತನ್ನ ಕಾರಿಗೂ ಕೊಟ್ಟುಬಿಟ್ಟಿದ್ದ.

"ಇದ್ರ ಹಣೆಗೂ ಒಂದು ಬೊಟ್ಟು ಇಡೇ," ಎಂದ.

"ಅದ್ರ ಹಣೆ ಯಾವ್ದು ಅಂತ ನಂಗೇನು ಗೊತ್ತು? ನೀವೇ ಇಡಿ."

ಜಗುಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ ಅತ್ತೆ ಮುನಿಗಂಗಮ್ಮ ಕಿಸಕ್ಕನೆ ನಕ್ಕಳು. "ಎರಡು ಕಾಲಿನ ಸವತಿ ಬೇಕಾದಷ್ಟು ಕಂಡಿದ್ದೆ ಕಣಮ್ಮಿ. ನಾಕು ಗಾಲಿ ಸವತೀನ ಈ ಮನೇಲೇ ಕಂಡಿದ್ದು."

ಭದ್ರಮ್ಮ ಸಿಂಬೆಯನ್ನು ನೀರಿಗೆ ಅದ್ದಿ ಮತ್ತೆ ಎತ್ತಿನ ಬೆನ್ನು ಉಜ್ಜತೊಡಗಿದಳು.

ಬಿಳಿಯರು ಗಂಟುಮೂಟೆ ಕಟ್ಟಿದ ವರ್ಷ, ಹಡಗು ಹತ್ತಲು ಹೊರಟ ದೊರೆಯೊಬ್ಬ ಬಿಟ್ಟುಹೋದ ರೇಸಿನ ಕಾರು ಅದು. ಎರಡೇ ಸೀಟು, ನೀಳ ಮೂತಿ, ತಲೆಯ ಮೇಲೆ ಬರೀ ಆಕಾಶ. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ದೊರೆ ಅದನ್ನು ಓಡಿಸಿದ್ದೇ ಕಡಿಮೆಯಂತೆ. ಮನೆಗೆ ಬಂದ ಹೊಸದರಲ್ಲಿ ಗೇರು ಬಗ್ಗುತ್ತಿರಲಿಲ್ಲ, ಸ್ಟೀರಿಂಗು ಹಿಡಿದರೆ ಭುಜ ನೋಯುತ್ತಿತ್ತು, ಹಳ್ಳ ಸಿಕ್ಕರೆ ಸೊಂಟ ಮುರಿಯುತ್ತಿತ್ತು. ರಾಮಕೃಷ್ಣಪ್ಪ ಪೆಟ್ರೋಲಿನ ರೇಷನ್ ಕೂಪನ್ನು ಹೇಗೋ ಹೊಂದಿಸಿಕೊಂಡು ಎರಡು ವರ್ಷ ಓಡಿಸಿದ. ಈಗ ಗೇರು ಬೆರಳ ತುದಿಗೇ ಬೀಳುತ್ತದೆ. ಸ್ಪ್ರಿಂಗು ಮೆತ್ತಗಾಗಿದೆ. ಬ್ರೇಕನ್ನು ಮಾತ್ರ ಸ್ವಲ್ಪ ಮೊದಲೇ ತುಳಿಯಬೇಕು. ಅದನ್ನೂ ಅವನು ಮುದ್ದಿನ ಮಗಳ ಹಟದಂತೆ ಹೇಳಿಕೊಳ್ಳುತ್ತಿದ್ದ.

"ಹೊಸದ್ರಾಗೆ ಪಳಗದ ಹೋರಿ ಇದ್ದಂಗಿತ್ತು," ಎಂದು ಬಂದವರಿಗೆಲ್ಲ ವರ್ಣಿಸುತ್ತಿದ್ದ. "ಹತ್ತು ಸಾವ್ರ ಮೈಲಿ ಓಡಿದ್ಮೇಲೆ ನೋಡ್ರಿ, ಹದ ಬಂದೈತೆ. ಇದ್ರ ಸುಖ ಏನಿದ್ರೂ ಈಗ್ಲೇ."

ಇದೇ ಬಾಯಿ ಹೋದ ಯುಗಾದಿಯಂದು ಅವಳ ಬೆನ್ನಿಗೆ ಎಣ್ಣೆ ಹಚ್ಚುತ್ತ, "ಮೂರು ಹೆತ್ತು ಪೂರಾ ಸಡಿಲಾಗ್ಬುಟ್ಟೆ ಕಣೇ," ಎಂದು ನಕ್ಕಿತ್ತು. ಓಡಿದಷ್ಟೂ ಕಾರಿಗೆ ಹದ, ಬಾಳಿದಷ್ಟೂ ತನಗೆ ಸಡಿಲು. ಅಂದಿನಿಂದ ಆ ಮಾತು ಭದ್ರಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಗಂಡನ ಅಂಗೈ ಸವರಿ ಸವರಿ ಗೇರಿನ ಗುಂಡು ನುಣುಪಾಗಿತ್ತು. ಯಾರೂ ಇಲ್ಲದಾಗ ಒಮ್ಮೆ ಮುಟ್ಟಿ ನೋಡಿದ್ದಳು. ಬಿಸಿಲಿಗೆ ಬೆಚ್ಚಗಿತ್ತು. ತಟ್ಟನೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡಿದ್ದಳು.

ಎತ್ತಿಗೆ ಹುಲ್ಲು ಹಾಕಿ ಬಂದು ಅವಳು ಕೇಳಿದಳು. "ಏನಂದ್ರೆ, ಹೆಣ್ಣು ಡಾಕ್ಟ್ರು ಕೃಷ್ಣಗಿರಿಗೆ ಬರೋದು ಸೋಮ್ವಾರ ಒಂದೇಯಂತೆ. ಈ ಕೆಮ್ಮು ಬಿಡ್ತಾನೇ ಇಲ್ಲ. ಕರ್ಕೊಂಡು ಹೋಗ್ತೀರಾ?"

"ಸೋಮ್ವಾರ ಬಸವನ್ನ ಹೂಡಲ್ಲ, ಇದ್ನ ಹೂಡ್ತೀನಾ? ನಾಳೆ ಹೋದ್ರಾಯ್ತು."

"ಹಂಗಾರೆ ನಾನು ಬಸ್ಸಲ್ಲಿ ಹೋಗಿ ಬತ್ತೀನಿ."

"ಮನೇಲಿ ಕಾರ್ ಇಟ್ಕೊಂಡು ಹೆಂಡ್ತೀನ ಬಸ್ಸಿಗೆ ಹತ್ತಿಸ್ದ ಅಂತಾರೆ. ಸುಮ್ನಿರು."

ಮರುದಿನ ಹೋದರು. ಆಸ್ಪತ್ರೆಯ ನರ್ಸು ತಮಿಳಿನಲ್ಲಿ, "ನೇತ್ತು ವಂದಿರುಕ್ಕಣುಂ ಅಮ್ಮಾ," ಎಂದಳು. ನಿನ್ನೆ ಬರಬೇಕಿತ್ತು. ಇನ್ನು ಬರುವ ವಾರವೇ.

"ಆಯ್ತು ಬಿಡು, ಇದೇ ನೆಪದಾಗೆ ನೀನೂ ಕಾರಲ್ಲಿ ಕೂತಂಗಾಯ್ತು," ಎಂದ ರಾಮಕೃಷ್ಣಪ್ಪ.

ಹೌದು, ಅಷ್ಟು ದೂರ ಅವಳು ಆ ಸೀಟಿನಲ್ಲಿ ಕೂತಿದ್ದು ಅದೇ ಮೊದಲು. ಊರಿಗೆ ಹಿಂತಿರುಗುವ ದಾರಿಯಲ್ಲಿ ಶೂಲಗಿರಿಯ ಏರು ಬಂತು. ಅವನು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ, ಕಾಲು ಸಡಿಲಿಸಿ, ಮತ್ತೆ ಒತ್ತಿ, ಗೇರು ಬದಲಿಸಿದ. ಎಷ್ಟು ತಾಳ್ಮೆ! ಏದುಸಿರು ಬಿಡುವ ವಯಸ್ಸಾದ ಜೀವವನ್ನು ನೋಯಿಸದೆ ಏರಿಸುವುದು ಇವನಿಗೆ ಗೊತ್ತೇ ಇದೆ. ಗೊತ್ತಿಲ್ಲವೆಂದು ಇಷ್ಟು ವರ್ಷ ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದಳು. ಎದೆ ಉರಿಯಿತು. ಧೂಳಿಗೋ ಉರಿಗೋ, ಕೆಮ್ಮು ನುಗ್ಗಿ ಬಂತು.

"ಒಸಿ ತಡ್ಕೋ ಮಾರಾಯ್ತಿ," ಎಂದ ಅವನು. "ನಿನ್ ಕೆಮ್ಮಲ್ಲಿ ಇಂಜಿನ್ ಸದ್ದೇ ಕೇಳಿಸ್ತಿಲ್ಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಉಸಿರು ಬಿಗಿಹಿಡಿದಳು. ಕೆಮ್ಮು ಅಡಗಿದೊಡನೆ ಅವಳ ಪಾದದ ಅಡಿಯಿಂದ ಒಂದು ಸದ್ದು ಕೇಳಿಸಿತು. ಟಕ್. ಟಕ್. ಟಕ್. ಗೂಟ ಸವೆದ ಬೀಸುಕಲ್ಲು ತಿರುಗುವಾಗ ಒಳಗೊಳಗೇ ಕುಟ್ಟಿಕೊಳ್ಳುತ್ತದಲ್ಲ, ಹಾಗೆ. ಏರು ಕಡಿದಾದಂತೆ ಸದ್ದೂ ಗಟ್ಟಿಯಾಯಿತು. ಒಳಗೇನೋ ಸವೆದಿದೆ. ಇವತ್ತಲ್ಲ ನಾಳೆ ಮುರಿಯುತ್ತದೆ. ಈಗಲೇ ಬಿಚ್ಚಿ ನೋಡಿದರೆ ಉಳಿದೀತು. ಗಂಡನತ್ತ ನೋಡಿದಳು. ಅವನ ಬದಿಯಲ್ಲಿ ಹೊಗೆ ಕೊಳವೆಯ ಅಬ್ಬರ, ಮುಖಕ್ಕೆ ಗಾಳಿ, ಬಾಯಿ ತುಂಬ ಅವನದೇ ಮಾತು.

"ಕೇಳ್ದಾ? ಎಂಗೆ ಹಾಡ್ತೈತೆ ನೋಡು!"

ಹೇಳಬೇಕೆಂದು ನಾಲಿಗೆ ತುದಿಯವರೆಗೂ ಬಂತು. ಅವನ ಎಡಗೈ ಇಳಿದು ಗೇರಿನ ಗುಂಡನ್ನು ಸವರಿತು.

"ಹ್ಞೂಂ," ಎಂದಳು ಭದ್ರಮ್ಮ. "ಚೆನ್ನಾಗೈತೆ."

ಇವನಿಗೂ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ. ಇವನ ಕಿವಿಗೆ ತಾನಾಗಿ ಕೇಳಿಸುವವರೆಗೂ ಅದು ಬಡಿದುಕೊಳ್ಳಲಿ. ಹಾಗೆಂದುಕೊಂಡು ಪಾದಗಳನ್ನು ಇನ್ನಷ್ಟು ಮುಂದಕ್ಕೆ ಚಾಚಿ, ಕಾರಿನ ನೆಲಕ್ಕೆ ಒತ್ತಿ ಇಟ್ಟುಕೊಂಡಳು.